ಮಾದರಿ ವಿಮಾನದ ವೇಗನಿಯಾಮಕ: ಅದರ ಜೋಡಣೆಯೂ ಬಳಕೆಯೂ

ಭಾಷಾಸಾಹಿತ್ಯಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಹುಡುಗರು ಹಾರಿಸುವ ಪುಟ್ಟ ವಿಮಾನದ ಒಂದು ಉಪಕರಣವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣವನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ. ನಾನು ಕನ್ನಡವನ್ನು ಕಲಿಸತಕ್ಕವನು. ಯಂತ್ರಶಾಸ್ತ್ರವು ನನ್ನ ವೃತ್ತಿಯಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನ ವಿದ್ಯಾರ್ಥಿಗಳು ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಒಂದು ಕೂಟವನ್ನು ಏರ್ಪಡಿಸಿಕೊಂಡರು. ಅವರಲ್ಲಿ ಬಹುಮಂದಿ ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರಾದುದರಿಂದ, ಉಪಕರಣಗಳೊಡನೆ ಬರುವ ಇಂಗ್ಲಿಷ್ ಸೂಚನಾಪತ್ರವನ್ನು ಕನ್ನಡಿಸಿಕೊಡಬೇಕೆಂದು ನನ್ನನ್ನು ಕೇಳಿದರು. ಒಂದು ಸಂಜೆಯಲ್ಲಿ ಕುಳಿತು ಕನ್ನಡಿಸಿಕೊಟ್ಟೆನು. ಆ ಪತ್ರದಲ್ಲಿ ನಾನು ಇಟ್ಟ ಒಂದು ಮಾತಿನ ದೆಸೆಯಿಂದ ಒಬ್ಬ ವಿದ್ಯಾರ್ಥಿಯ ಬಲಗೈಯ ಎರಡು ಬೆರಳುಗಳಿಗೆ ಹೊಲಿಗೆ ಹಾಕಿಸಬೇಕಾಯಿತು. ಅದು ಯಾವ ಮಾತೆಂಬುದನ್ನು ಮುಂದೆ ತಕ್ಕ ಸ್ಥಳದಲ್ಲಿ ಹೇಳುವೆನು. ಉಪಕರಣದ ಸ್ವರೂಪವನ್ನು ತಿಳಿಯದೆ ಆ ಮಾತಿನ ತಪ್ಪು ತಿಳಿಯುವಂತಿಲ್ಲ. ಪದವನ್ನು ಬಲ್ಲವನು ಪದಾರ್ಥವನ್ನೂ ಬಲ್ಲನೆಂದು ಭಾವಿಸಿದ್ದ ನಾನು, ಆಮೇಲೆ ಬಲ್ಲವರನ್ನು ಕೇಳಿಯೂ ಹುಡುಗರೊಡನೆ ಕುಳಿತು ಕೈಯಾರ ಮಾಡಿ ನೋಡಿಯೂ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಒಂದು ಮೀಟರಿನಷ್ಟು ರೆಕ್ಕೆಯ ಹರವುಳ್ಳ, ಸುಮಾರು ಒಂದು ಕಿಲೋಗ್ರಾಮು ತೂಗುವ ವಿಮಾನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೂತಿಯಲ್ಲಿ ಒಂದು ಮೋಟಾರು, ಮೋಟಾರಿನ ಅಚ್ಚಿಗೆ ಸಿಕ್ಕಿಸಿದ ಪ್ರೊಪೆಲ್ಲರು. ಹೊಟ್ಟೆಯಲ್ಲಿ ಲಿಥಿಯಮ್ ಬ್ಯಾಟರಿ. ಹಾರಿಸುವವನ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಆಜ್ಞೆಗಳನ್ನು ಗ್ರಹಿಸುವ ರಿಸೀವರು. ಚುಕ್ಕಾಣಿ ಮೊದಲಾದ ಹಲಗೆಗಳನ್ನು ಆಡಿಸುವ ಸರ್ವೋಗಳು. ಬ್ಯಾಟರಿಗೂ ಮೋಟಾರಿಗೂ ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ, ತೆಳುವಾದ ಪ್ಲಾಸ್ಟಿಕ್ಕಿನ ಹೊದಿಕೆಯೊಳಗಿರುವ ಒಂದು ಬಿಲ್ಲೆಯುಂಟು. ಅದರ ಒಂದು ಕಡೆಯಿಂದ ಕೆಂಪು ಕಪ್ಪು ಬಣ್ಣದ ಎರಡು ದಪ್ಪ ತಂತಿಗಳು ಬ್ಯಾಟರಿಗೂ, ಮತ್ತೊಂದು ಕಡೆಯಿಂದ ಮೂರು ತಂತಿಗಳು ಮೋಟಾರಿಗೂ, ಮೂರೆಳೆಯ ಸಣ್ಣದೊಂದು ತಂತಿ ರಿಸೀವರಿಗೂ ಹೋಗುತ್ತವೆ. ಇದನ್ನು ಹುಡುಗರು ಇ. ಎಸ್. ಸಿ. ಎಂದು ಕರೆಯುತ್ತಾರೆ. ಇಂಗ್ಲಿಷಿನ ಪೂರ್ಣನಾಮವನ್ನು ಅನುಸರಿಸಿ ನಾನು 'ವೇಗನಿಯಾಮಕ'ವೆಂದು ಹೆಸರಿಟ್ಟೆನು. ಅನುವಾದವು ಮೂಲಕ್ಕೆ ನಿಷ್ಠವಾಗಿಯೇ ಇದೆ. ಆದರೆ ಮೂಲದ ಹೆಸರೇ ಈಗ ವಸ್ತುವಿಗೆ ಹೊಂದುವುದಿಲ್ಲ. ಹೇಗೆಂಬುದನ್ನು ತಿಳಿಯಬೇಕಾದರೆ ಅದರ ಹಿಂದಿನ ಕಥೆಯನ್ನು ಸ್ವಲ್ಪ ನೋಡಬೇಕು.

ವಿದ್ಯುಚ್ಛಕ್ತಿಯಿಂದ ಹಾರುವ ಯತ್ನವು ಹಳೆಯದು. ೧೮೮೪ರ ಆಗಸ್ಟ್ ೯ರಂದು ಫ್ರಾನ್ಸಿನಲ್ಲಿ ರೆನಾರ್ ಮತ್ತು ಕ್ರೆಬ್ಸ್ ಎಂಬವರು ಬ್ಯಾಟರಿಯಿಂದ ನಡೆಯುವ 'ಲಾ ಫ್ರಾನ್ಸ್' ಎಂಬ ವಾಯುನೌಕೆಯಲ್ಲಿ ಹಾರಿ ಹೊರಟೆಡೆಗೇ ಹಿಂದಿರುಗಿದರು. ಮಾದರಿ ವಿಮಾನಗಳಲ್ಲಾದರೋ ಬಹುಕಾಲ ರಬ್ಬರಿನ ಎಳೆ, ಆಮೇಲೆ ಎಣ್ಣೆಯ ಎಂಜಿನು, ಇವೇ ಬಳಕೆಯಲ್ಲಿದ್ದುವು. ೧೯೫೭ರ ಜೂನ್ ೩೦ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬವರು ಬೆಳ್ಳಿ-ಸತುವಿನ ಬ್ಯಾಟರಿಯಿಂದ ನಡೆಯುವ 'ರೇಡಿಯೊ ಕ್ವೀನ್' ಎಂಬ ಮಾದರಿಯನ್ನು ರೇಡಿಯೊ ಆಜ್ಞೆಯಿಂದ ಹಾರಿಸಿದರು. ಆ ಬಗೆಯ ಹಾರಾಟಗಳಲ್ಲಿ ದಾಖಲೆಗೆ ಬಂದ ಮೊದಲನೆಯದು ಇದೆಂದು ಎಣಿಸುವುದುಂಟು. ಆಗಿನ ಮೋಟಾರುಗಳನ್ನು ನಡೆಸುವುದಕ್ಕೂ ನಿಲ್ಲಿಸುವುದಕ್ಕೂ ಒಂದು ಸ್ವಿಚ್ಚು ಸಾಕಾಗಿತ್ತು. ವೇಗವನ್ನು ಹೆಚ್ಚು ಕಡಮೆ ಮಾಡಬೇಕೆಂದು ತೋರಿದಾಗ ನಿರೋಧದ ತಂತಿಯನ್ನು ನಡುವೆ ಇಟ್ಟು, ಸರ್ವೋದ ತೋಳಿನಿಂದ ಅದನ್ನು ಸರಿಸುವ ಉಪಾಯವನ್ನು ಹೂಡಿದರು. ಇದು ಹಣತೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಿ ಬೆಳಕನ್ನು ಕುಗ್ಗಿಸಿದಂತೆ: ಉಳಿದ ಶಕ್ತಿಯೆಲ್ಲ ನಿರೋಧದಲ್ಲಿ ಬಿಸಿಯಾಗಿ ಹಾಳಾಗುತ್ತಿತ್ತು. ಟ್ರಾನ್ಸಿಸ್ಟರುಗಳು ಬಂದ ಮೇಲೆ ಬೇರೊಂದು ಮಾರ್ಗವು ಸಿಕ್ಕಿತು. ಪ್ರವಾಹವನ್ನು ತಡೆಯುವುದಕ್ಕೆ ಬದಲಾಗಿ ಸೆಕೆಂಡಿಗೆ ಸಾವಿರಾರು ಸಲ ಅದನ್ನು ಕತ್ತರಿಸುವುದು ಈ ಮಾರ್ಗ. ಕತ್ತರಿಸಿದ ತುಣುಕುಗಳಲ್ಲಿ ಹರಿವ ಕಾಲವು ಹೆಚ್ಚಾದರೆ ಮೋಟಾರಿಗೆ ದೊರೆಯುವ ಸರಾಸರಿ ವೋಲ್ಟೇಜು ಹೆಚ್ಚು, ಕಡಮೆಯಾದರೆ ಕಡಮೆ. 'ವೇಗನಿಯಾಮಕ'ವೆಂಬ ಹೆಸರು ಈ ಕಾಲದ ಉಪಕರಣಕ್ಕೆ ಸಲ್ಲತಕ್ಕದ್ದಾಗಿತ್ತು.

ಆಗಿನ ಮೋಟಾರಿನೊಳಗೆ ತಂತಿಯ ಸುರುಳಿಯು ತಿರುಗುತ್ತಿತ್ತು, ಅಯಸ್ಕಾಂತಗಳು ನಿಂತಿರುತ್ತಿದ್ದುವು. ತಿರುಗುವ ಸುರುಳಿಯಲ್ಲಿ ಪ್ರವಾಹದ ದಿಕ್ಕನ್ನು ತಕ್ಕ ಕ್ಷಣದಲ್ಲಿ ಬದಲಾಯಿಸುವ ಕೆಲಸವನ್ನು ಕಮ್ಯೂಟೇಟರು ಎಂಬ ತಾಮ್ರದ ಬಳೆಯೂ ಅದಕ್ಕೆ ಉಜ್ಜಿಕೊಂಡಿರುವ ಇದ್ದಲಿನ ಬ್ರಷ್ಷುಗಳೂ ಮಾಡುತ್ತಿದ್ದುವು. ೧೯೯೦ರ ದಶಕದಿಂದೀಚೆಗೆ ಮಾದರಿಗಳಲ್ಲಿ ಬಳಕೆಗೆ ಬಂದ ಬ್ರಷ್ಷಿಲ್ಲದ ಮೋಟಾರಿನಲ್ಲಿ ಈ ವ್ಯವಸ್ಥೆಯೇ ತಲೆಕೆಳಗಾಯಿತು. ಇಲ್ಲಿ ಸುರುಳಿಗಳು ನಿಂತಿರುತ್ತವೆ, ಅಯಸ್ಕಾಂತಗಳು ತಿರುಗುತ್ತವೆ. ಉಜ್ಜುವ ಬ್ರಷ್ಷು ಇಲ್ಲವಾದುದರಿಂದ ಸವೆತವಿಲ್ಲ, ಕಿಡಿಯಿಲ್ಲ, ಶಕ್ತಿಯ ನಷ್ಟವೂ ಕಡಮೆ. ಆದರೆ ದಿಕ್ಕು ಬದಲಾಯಿಸುವ ಕೆಲಸವು ಎಲ್ಲಿಗೂ ಹೋಗಲಿಲ್ಲ. ಅದು ಮೋಟಾರಿನಿಂದ ಹೊರಬಂದು ನಮ್ಮ ಬಿಲ್ಲೆಯೊಳಗೆ ಸೇರಿಕೊಂಡಿತು. ಆದುದರಿಂದ ಈಗಿನ ವೇಗನಿಯಾಮಕವು ಮೋಟಾರಿನ ವೇಗವನ್ನು ನಿಯಮಿಸುವ ಹೊರಗಿನ ಅಧಿಕಾರಿಯಲ್ಲ, ಮೋಟಾರಿನ ಅರ್ಧ ಅಂಗವೇ ಆಗಿದೆ. ಬ್ರಷ್ಷುಳ್ಳ ಮೋಟಾರನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರೆ ಅದು ತಿರುಗುವುದು. ಬ್ರಷ್ಷಿಲ್ಲದ ಮೋಟಾರನ್ನು ಹಾಗೆ ಮುಟ್ಟಿಸಿದರೆ ತಿರುಗುವುದಿಲ್ಲ, ಸುರುಳಿಯು ಸುಡುವುದು.

ಈ ಬಿಲ್ಲೆಯೊಳಗೆ ಮೂರು ಜೊತೆ ಟ್ರಾನ್ಸಿಸ್ಟರು ಸ್ವಿಚ್ಚುಗಳೂ ಅವುಗಳನ್ನು ಆಳುವ ಒಂದು ಪುಟ್ಟ ಗಣಕವೂ ಇವೆ. ಮೋಟಾರಿನ ಮೂರು ತಂತಿಗಳಲ್ಲಿ ಯಾವುದೊಂದು ಕ್ಷಣದಲ್ಲಿಯೂ ಎರಡರಲ್ಲಿ ಮಾತ್ರ ಪ್ರವಾಹವು ಹರಿಯುತ್ತದೆ, ಮೂರನೆಯದು ಬಿಡುವಾಗಿರುತ್ತದೆ. ಅಯಸ್ಕಾಂತವು ಬಿಡುವಾಗಿರುವ ಸುರುಳಿಯ ಮುಂದೆ ಹಾದುಹೋಗುವಾಗ ಅದರಲ್ಲಿ ಒಂದು ಅಲ್ಪ ವೋಲ್ಟೇಜು ಹುಟ್ಟುತ್ತದೆ. ಗಣಕವು ಆ ವೋಲ್ಟೇಜನ್ನು ನೋಡಿ ಅಯಸ್ಕಾಂತವು ಎಲ್ಲಿದೆಯೆಂದು ತಿಳಿದುಕೊಂಡು, ಮುಂದಿನ ಜೊತೆಗೆ ಪ್ರವಾಹವನ್ನು ತಿರುಗಿಸುತ್ತದೆ. ಇಂಥ ಆರು ಹೆಜ್ಜೆಗಳಿಗೆ ಒಂದು ಆವರ್ತ. ಹದಿನಾಲ್ಕು ಅಯಸ್ಕಾಂತಗಳುಳ್ಳ ಮೋಟಾರಿನಲ್ಲಿ ಅಚ್ಚು ಒಂದು ಸುತ್ತು ಸುತ್ತುವಷ್ಟರಲ್ಲಿ ಇಂಥ ಆವರ್ತಗಳು ಏಳು. ನಿಮಿಷಕ್ಕೆ ೮,೦೦೦ ಸುತ್ತು ತಿರುಗುವಾಗ ಸೆಕೆಂಡೊಂದಕ್ಕೆ ೫,೬೦೦ ಹೆಜ್ಜೆಗಳಾದುವು. ಅಷ್ಟು ಸಲ ನೋಡಿ, ಅಷ್ಟು ಸಲ ನಿರ್ಣಯಿಸಿ, ಅಷ್ಟು ಸಲ ಬದಲಾಯಿಸುವ ಉಪಕರಣಕ್ಕೆ 'ನಿಯಾಮಕ'ವೆಂಬ ಹೆಸರು ಸಣ್ಣದೇ ಸರಿ. ಇಲ್ಲಿ ಒಂದು ತೊಡಕುಂಟು. ನಿಂತ ಮೋಟಾರಿನಲ್ಲಿ ಯಾವ ವೋಲ್ಟೇಜೂ ಹುಟ್ಟುವುದಿಲ್ಲ. ಆದುದರಿಂದ ಹೊರಡುವ ಕ್ಷಣದಲ್ಲಿ ಬಿಲ್ಲೆಯು ಕುರುಡು. ಊಹೆಯಿಂದ ಒಂದೆರಡು ಹೆಜ್ಜೆ ನೂಕಿ ನೋಡಿ, ಆಮೇಲೆ ಕಣ್ಣು ತೆರೆಯುತ್ತದೆ. ಪ್ರೊಪೆಲ್ಲರು ತಿರುಗುವ ಮೊದಲು ಒಮ್ಮೊಮ್ಮೆ ನಡುಗುವುದು ಇದಕ್ಕಾಗಿಯೇ. ನಡುಕವು ನಿಲ್ಲದೆ ಮುಂದುವರಿದರೆ ಮೂರು ತಂತಿಗಳಲ್ಲಿ ಒಂದರ ಬೆಸುಗೆ ಬಿಟ್ಟಿದೆಯೆಂದು ಸಂದೇಹಪಟ್ಟು ಕೂಡಲೆ ನಿಲ್ಲಿಸತಕ್ಕದ್ದು.

ಇನ್ನು ಆಜ್ಞೆಯ ವಿಚಾರ. ಟ್ರಾನ್ಸ್‌ಮಿಟರಿನಲ್ಲಿ ವೇಗಕ್ಕಾಗಿ ಇರುವ ಕೋಲನ್ನು ಥ್ರಾಟಲು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದು ಗಂಟಲಿಗೆ ಸಂಬಂಧಪಟ್ಟ ಶಬ್ದ. ಕುತ್ತಿಗೆ ಹಿಸುಕುವುದೆಂದು ಇದರ ಮೊದಲಿನ ಅರ್ಥ. ಉಗಿಯಂತ್ರದ ಗಂಟಲನ್ನು ಹಿಸುಕುವ ಬಾಗಿಲಿಗೆ ಸಂದ ಹೆಸರು ಎಂಜಿನುಗಳ ಮೂಲಕ ಇಲ್ಲಿಯವರೆಗೆ ಬಂದಿದೆ. ಉಗಿಯ ಬಾಗಿಲನ್ನು ಮುಚ್ಚಿದರೆ ಯಂತ್ರಕ್ಕೆ ಉಸಿರೇ ಇಲ್ಲ. ನಮ್ಮ ಕೋಲು ಯಾವುದನ್ನೂ ಹಿಸುಕುವುದಿಲ್ಲ, ಯಾವುದನ್ನೂ ಮುಚ್ಚುವುದಿಲ್ಲ. ಅದು ಒಂದು ಸಂದೇಶವನ್ನು ಮಾತ್ರ ಕಳುಹಿಸುತ್ತದೆ. ರಿಸೀವರಿನಿಂದ ಬಿಲ್ಲೆಗೆ ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಸಲ ಒಂದು ಸ್ಪಂದನವು ಹೋಗುತ್ತಿರುತ್ತದೆ. ಅದರ ಉದ್ದವು ಸೆಕೆಂಡಿನ ಸಾವಿರದ ಒಂದು ಭಾಗವಾದರೆ 'ತಿರುಗಬೇಡ'ವೆಂದೂ, ಎರಡು ಭಾಗವಾದರೆ 'ಪೂರ್ಣವೇಗದಲ್ಲಿ ತಿರುಗು' ಎಂದೂ ಅರ್ಥ. ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೋಲು ಕೆಳಗಿರುವಾಗ ಮೋಟಾರು ನಿಂತಿರುವುದು ಶಕ್ತಿಯಿಲ್ಲದೆ ಅಲ್ಲ, ಆಜ್ಞೆಗೆ ಒಳಪಟ್ಟು. ಬ್ಯಾಟರಿಯ ಶಕ್ತಿಯೆಲ್ಲ ಬಾಗಿಲಲ್ಲಿ ಬಂದು ನಿಂತಿದೆ. ಒಂದು ಸ್ಪಂದನವು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಉದ್ದವಾದರೆ ಸಾಕು, ಅದು ಹೊರಗೆ ನುಗ್ಗುತ್ತದೆ. ನಿಂತ ಎತ್ತು ಬೇರೆ, ಕಟ್ಟಿದ ಎತ್ತು ಬೇರೆ ಎಂಬುದನ್ನು ನಮ್ಮ ರೈತರು ಬಲ್ಲರು. ಈ ಭೇದವು ನನ್ನ ಅನುವಾದದಲ್ಲಿ ಇರಲಿಲ್ಲ.

ಜೋಡಿಸುವುದಕ್ಕೆ ಮೊದಲು ತಕ್ಕ ಬಿಲ್ಲೆಯನ್ನು ಆರಿಸಬೇಕು. ಬಿಲ್ಲೆಯ ಮೇಲೆ ಇಂತಿಷ್ಟು ಆಂಪಿಯರು ಎಂದು ಬರೆದಿರುತ್ತದೆ. ಅದು ಬಿಲ್ಲೆಯು ಕೊಡುವ ಪ್ರವಾಹವೆಂದು ಅನೇಕರು ಭ್ರಮಿಸುತ್ತಾರೆ. ಹಾಗಲ್ಲ, ಅದು ತಾಳಿಕೊಳ್ಳಬಲ್ಲ ಪ್ರವಾಹ. ಎಷ್ಟು ಹರಿಯಬೇಕೆಂಬುದನ್ನು ನಿರ್ಣಯಿಸುವುವು ಮೋಟಾರು, ಪ್ರೊಪೆಲ್ಲರು, ಬ್ಯಾಟರಿಯ ವೋಲ್ಟೇಜು, ಈ ಮೂರು. ಇವುಗಳಲ್ಲಿ ಪ್ರೊಪೆಲ್ಲರಿನ ಪ್ರಭಾವವು ಎಣಿಕೆಗೆ ಮೀರಿದ್ದು. ತಿರುಗುವ ವೇಗವು ಒಂದೇ ಆಗಿದ್ದರೆ ಬೇಕಾಗುವ ಶಕ್ತಿಯು ವ್ಯಾಸದ ಐದನೆಯ ಘಾತದಂತೆ ಬೆಳೆಯುತ್ತದೆ. ಹತ್ತು ಅಂಗುಲದ ಪ್ರೊಪೆಲ್ಲರನ್ನು ತೆಗೆದು ಹನ್ನೊಂದು ಅಂಗುಲದ್ದನ್ನು ಹಾಕಿದರೆ ಹೆಚ್ಚಾದುದು ನೋಟಕ್ಕೆ ಹತ್ತರಲ್ಲೊಂದು ಪಾಲು. ಲೆಕ್ಕಕ್ಕೆ ನೂರಕ್ಕೆ ಅರುವತ್ತು. ಮೋಟಾರು ಸ್ವಲ್ಪ ನಿಧಾನವಾಗುವುದರಿಂದ ನಿಜವಾಗಿ ಅಷ್ಟು ಏರುವುದಿಲ್ಲ. ಆದರೂ ಬಿಲ್ಲೆಯನ್ನು ಸುಡುವುದಕ್ಕೆ ಸಾಕಾಗುವಷ್ಟು ಏರುವುದು. ಹುಡುಗರು ಪ್ರೊಪೆಲ್ಲರನ್ನು ಅಂಗಿಯಂತೆ ಬದಲಾಯಿಸುವುದನ್ನು ಕಂಡಿದ್ದೇನೆ. ಪ್ರತಿಯೊಂದು ಬದಲಾವಣೆಯಾದ ಮೇಲೆಯೂ, ವಿಮಾನವನ್ನು ಭದ್ರವಾಗಿ ಕಟ್ಟಿ, ಬ್ಯಾಟರಿಗೂ ಬಿಲ್ಲೆಗೂ ನಡುವೆ ವಾಟ್ ಮೀಟರನ್ನಿಟ್ಟು, ಪೂರ್ಣವೇಗದಲ್ಲಿ ಕೆಲವು ಸೆಕೆಂಡು ಓಡಿಸಿ ಪ್ರವಾಹವನ್ನು ಅಳೆಯಬೇಕು. ನಮ್ಮ ಉದಾಹರಣೆಯ ವಿಮಾನದಲ್ಲಿ ಮೂರು ಕೋಶದ ಬ್ಯಾಟರಿಯಿಂದ ೧೮ ಆಂಪಿಯರು ಹರಿದಿತೆಂದು ಇಟ್ಟುಕೊಳ್ಳಿ. ಭಾರದ ಕೆಳಗೆ ೧೧ ವೋಲ್ಟ್ ಎಂದರೆ ಸುಮಾರು ೨೦೦ ವಾಟು. ಇದಕ್ಕೆ ೨೦ ಆಂಪಿಯರಿನ ಬಿಲ್ಲೆಯು ಲೆಕ್ಕಕ್ಕೆ ಸಾಕಾದರೂ, ಸೆಕೆಯ ಕಾಲವನ್ನೂ ಗಾಳಿಯಿಲ್ಲದ ಮೂಲೆಯನ್ನೂ ನೆನೆದು ೩೦ ಆಂಪಿಯರಿನದನ್ನು ಆರಿಸುವುದು ಯುಕ್ತ.

ಅರ್ಧವೇಗದಲ್ಲಿ ಹಾರಿಸಿದರೆ ಸಣ್ಣ ಬಿಲ್ಲೆಯೂ ಸಾಕೆಂಬ ವಾದವು ಆಗಾಗ ಕೇಳಿಬರುತ್ತದೆ. ಇದು ತಪ್ಪು. ಅರ್ಧವೇಗದಲ್ಲಿ ಪ್ರವಾಹವನ್ನು ಕತ್ತರಿಸುವ ಕೆಲಸವು ನಡೆಯುತ್ತಲೇ ಇರುತ್ತದೆ; ಸೆಕೆಂಡಿಗೆ ಎಂಟು ಸಾವಿರವೋ ಹದಿನಾರು ಸಾವಿರವೋ ಸಲ ತೆರೆದು ಮುಚ್ಚುವ ಸ್ವಿಚ್ಚು ಪ್ರತಿಸಲವೂ ಸ್ವಲ್ಪ ಬಿಸಿಯಾಗುತ್ತದೆ. ಅಲ್ಲದೆ ಬ್ಯಾಟರಿಯಿಂದ ಬರುವ ಸರಾಸರಿ ಪ್ರವಾಹಕ್ಕಿಂತ ಮೋಟಾರಿನ ಸುರುಳಿಯಲ್ಲಿ ಸುತ್ತುವ ಪ್ರವಾಹವು ಆಗ ಹೆಚ್ಚಾಗಿರುತ್ತದೆ. ಮೀಟರು ತೋರಿಸುವುದು ಮೊದಲನೆಯದನ್ನು, ಬಿಲ್ಲೆಯು ಹೊರುವುದು ಎರಡನೆಯದನ್ನು.

ಬಹುಪಾಲು ಸಣ್ಣ ಬಿಲ್ಲೆಗಳಲ್ಲಿ ಮತ್ತೊಂದು ಉಪಕಾರವು ಅಡಗಿದೆ. ಬ್ಯಾಟರಿಯ ವೋಲ್ಟೇಜನ್ನು ೫ಕ್ಕೆ ಇಳಿಸಿ, ರಿಸೀವರಿಗೂ ಸರ್ವೋಗಳಿಗೂ ಅದೇ ಸಣ್ಣ ತಂತಿಯ ಮೂಲಕ ಊಡುವ ಭಾಗವದು. ಇದರಲ್ಲಿ ಎರಡು ಜಾತಿ. ಹಳೆಯ ಜಾತಿಯದು ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಸುಟ್ಟುಬಿಡುತ್ತದೆ: ೧೨ ವೋಲ್ಟಿನಿಂದ ೫ಕ್ಕೆ ಇಳಿಸಿ ಒಂದು ಆಂಪಿಯರು ಕೊಡುವಾಗ ೫ ವಾಟು ಉಪಯೋಗಕ್ಕೆ, ೭ ವಾಟು ಬೆಂಕಿಗೆ. ನಾಲ್ಕು ಕೋಶದ ಬ್ಯಾಟರಿಯಿಟ್ಟರೆ ಬೆಂಕಿಗೆ ಹೋಗುವುದು ೧೧ ವಾಟು. ಮಿತಿಮೀರಿ ಕಾದಾಗ ಈ ಭಾಗವು ನಿಂತುಬಿಡಬಹುದು. ಆಗ ಮೋಟಾರಿನೊಡನೆ ಚುಕ್ಕಾಣಿಯೂ ಸಾಯುತ್ತದೆ. ಮೋಟಾರು ನಿಂತ ವಿಮಾನವನ್ನು ತೇಲಿಸಿ ಇಳಿಸಬಹುದು. ಚುಕ್ಕಾಣಿಯಿಲ್ಲದ ವಿಮಾನವು ಯಾರ ತಲೆಯ ಮೇಲೆ ಬೀಳುವುದೆಂದು ಹೇಳುವವರಾರು? ಆದುದರಿಂದ ಸರ್ವೋಗಳು ನಾಲ್ಕಕ್ಕೆ ಮೀರಿದರೆ ಅಥವಾ ಕೋಶಗಳು ಮೂರಕ್ಕೆ ಮೀರಿದರೆ, ಕತ್ತರಿಸುವ ಉಪಾಯದಿಂದಲೇ ವೋಲ್ಟೇಜನ್ನು ಇಳಿಸುವ ಹೊಸ ಜಾತಿಯದನ್ನು ಕೊಳ್ಳುವುದು ಲೇಸು. ರಿಸೀವರಿಗೆ ಬೇರೆ ಬ್ಯಾಟರಿಯಿದ್ದರೆ ಬಿಲ್ಲೆಯ ಸಣ್ಣ ತಂತಿಯ ನಡುವಣ ಕೆಂಪು ಎಳೆಯನ್ನು ಬಿಡಿಸಿಡಬೇಕು. ಎರಡು ಮೂಲಗಳು ಒಂದೇ ಮನೆಗೆ ಅನ್ನವಿಡಬಾರದು.

ತಂತಿಗಳ ಜೋಡಣೆಯಲ್ಲಿ ಮೋಟಾರಿನ ಕಡೆಯ ಮೂರಕ್ಕೂ ಬ್ಯಾಟರಿಯ ಕಡೆಯ ಎರಡಕ್ಕೂ ಹಗಲಿರುಳಿನ ಅಂತರವಿದೆ. ಮೂರನ್ನು ಹೇಗೆ ಬೇಕಾದರೂ ಸೇರಿಸಬಹುದು. ಮೋಟಾರು ಹಿಂದುಮುಂದಾಗಿ ತಿರುಗಿದರೆ ಯಾವುವಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ಬ್ಯಾಟರಿಯ ಎರಡನ್ನು ಅದಲುಬದಲು ಮಾಡಿದರೆ ಬಿಲ್ಲೆಯು ಆ ಕ್ಷಣದಲ್ಲಿಯೇ ಸುಡುವುದು. ಟ್ರಾನ್ಸಿಸ್ಟರು ವಿರುದ್ಧ ದಿಕ್ಕಿನ ಪ್ರವಾಹಕ್ಕೆ ತೆರೆದ ಬಾಗಿಲು. ಬ್ಯಾಟರಿಯ ತುದಿಗೆ ಕನೆಕ್ಟರನ್ನು ಬೆಸೆಯುವಾಗ ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಕೂಡದು. ಕತ್ತರಿಯ ಅಲಗೇ ಎರಡನ್ನು ಸೇರಿಸುವುದು. ಒಂದನ್ನು ಕತ್ತರಿಸಿ, ಬೆಸೆದು, ಮೇಲೆ ಕವಚವನ್ನೇರಿಸಿದ ಬಳಿಕವೇ ಮತ್ತೊಂದು. ತಂತಿ ಸಾಲದೆ ಬಂದರೆ ಮೋಟಾರಿನ ಕಡೆಯದನ್ನು ಉದ್ದ ಮಾಡಬೇಕೇ ಹೊರತು ಬ್ಯಾಟರಿಯ ಕಡೆಯದನ್ನಲ್ಲ. ಪ್ರವಾಹವನ್ನು ಕತ್ತರಿಸಿದಾಗಲೆಲ್ಲ ಉದ್ದವಾದ ತಂತಿಯಲ್ಲಿ ವೋಲ್ಟೇಜು ಪುಟಿದೇಳುತ್ತದೆ. ಬಿಲ್ಲೆಯ ಬಾಗಿಲಲ್ಲಿರುವ ಕೆಪಾಸಿಟರು ಆ ಪೆಟ್ಟನ್ನೆಲ್ಲ ನುಂಗಿ ನುಂಗಿ ಕಡೆಗೆ ಒಡೆಯುತ್ತದೆ. ಈ ಸಂಗತಿಯನ್ನು ತಿಳಿಯದೆ, ಬ್ಯಾಟರಿಯನ್ನು ಬಾಲದ ಕಡೆಗೆ ಸರಿಸಿ ಭಾರವನ್ನು ಸಮಮಾಡಲು ಹೋಗಿ ಒಂದು ಬಿಲ್ಲೆಯನ್ನು ನಾವು ಕಳೆದುಕೊಂಡೆವು.

ಬಿಲ್ಲೆಯನ್ನು ಇಡುವ ಸ್ಥಳವು ಗಾಳಿಯಾಡುವಂತಿರಬೇಕು. ಈಗಿನ ಮಾದರಿಗಳ ಒಡಲು ಬಹುಮಟ್ಟಿಗೆ ಬಿರುಸಾದ ಫೋಮಿನದು. ಅದು ಕಂಬಳಿಯಂತೆ ಬಿಸಿಯನ್ನು ಹಿಡಿದಿಡುತ್ತದೆ. ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿಯು ದೊಡ್ಡದಾಗಿರಲಿ. ರಿಸೀವರಿನ ಆಂಟೆನಾವನ್ನು ಬಿಲ್ಲೆಯಿಂದಲೂ ದಪ್ಪ ತಂತಿಗಳಿಂದಲೂ ದೂರವಿಡಬೇಕು.

ಜೋಡಣೆ ಮುಗಿದ ಮೇಲೆ ಬಿಲ್ಲೆಗೆ ಕೋಲಿನ ಮೇಲ್ತುದಿ ಕೆಳತುದಿಗಳನ್ನು ಕಲಿಸಬೇಕು. ಪ್ರೊಪೆಲ್ಲರನ್ನು ಕಳಚಿ, ಟ್ರಾನ್ಸ್‌ಮಿಟರನ್ನು ಹಾಕಿ, ಕೋಲನ್ನು ಮೇಲ್ತುದಿಗೆ ಒಯ್ದು, ಬ್ಯಾಟರಿಯನ್ನು ಸೇರಿಸಿ, ಸ್ವರವು ಕೇಳಿದೊಡನೆ ಕೋಲನ್ನು ಕೆಳಕ್ಕೆ ತರುವುದು ಸಾಮಾನ್ಯ ಕ್ರಮ; ಸ್ವರಗಳ ಸಂಖ್ಯೆಯು ತಯಾರಕರಿಗೆ ತಕ್ಕಂತೆ ಬೇರೆಯಾಗುವುದು. ಇಲ್ಲೊಂದು ಗುಪ್ತವಾದ ಅಪಾಯವಿದೆ. ಕೆಲವು ತಯಾರಕರ ಟ್ರಾನ್ಸ್‌ಮಿಟರುಗಳಲ್ಲಿ ಥ್ರಾಟಲಿನ ದಿಕ್ಕು ವಿಪರೀತವಾಗಿರುತ್ತದೆ. ಅದನ್ನು ತಿರುಗಿಸದೆ ಹೋದರೆ, ಕೋಲು ಕೆಳಗಿರುವಾಗ ಬಿಲ್ಲೆಯು ಪೂರ್ಣವೇಗದ ಸ್ಪಂದನವನ್ನು ಕಂಡು ತಾನು ಪಾಠಕ್ಕೆ ಕುಳಿತೆನೆಂದು ಭಾವಿಸುತ್ತದೆ; ಹಾರಿಸುವವನು ಏನೂ ಆಗಲಿಲ್ಲವೆಂದು ಕೋಲನ್ನು ಮೇಲೆತ್ತಿದಾಗ ಪಾಠವು ತಲೆಕೆಳಗಾಗಿ ಮುಗಿಯುತ್ತದೆ. ಆಮೇಲೆ ಮೋಟಾರನ್ನು ನಿಲ್ಲಿಸಬೇಕೆಂದು ಕೋಲನ್ನು ಕೆಳಗೆಳೆದಷ್ಟೂ ಅದು ವೇಗವಾಗಿ ತಿರುಗುವುದು. ಪ್ರೊಪೆಲ್ಲರನ್ನು ಕಳಚಿಯೇ ಈ ಕೆಲಸ ಮಾಡಬೇಕೆಂಬ ಸೂಚನೆಯನ್ನು ಹುಡುಗರು ಮುದುಕರ ಅತಿಜಾಗ್ರತೆಯೆಂದು ನಗುತ್ತಿದ್ದರು. ಮೇಜಿನ ಮೇಲೆ ಬರಿಯ ಅಚ್ಚು ಹೀಗೆ ಕಿರಿಚಿಕೊಂಡು ತಿರುಗಿದುದನ್ನು ಕಂಡ ಮೇಲೆ ನಗುವುದನ್ನು ಬಿಟ್ಟರು.

ಉಳಿದ ಆಯ್ಕೆಗಳಲ್ಲಿ ಎರಡನ್ನು ಹೇಳಿದರೆ ಸಾಕು. ಒಂದು, ಬ್ಯಾಟರಿಯು ಬರಿದಾಗುವ ಮುನ್ನ ಮೋಟಾರನ್ನು ತಡೆಯುವ ಮಿತಿ. ಲಿಥಿಯಮ್ ಕೋಶವು ಪೂರ್ಣವಾಗಿದ್ದಾಗ ೪.೨ ವೋಲ್ಟ್, ೩.೦ಕ್ಕಿಂತ ಕೆಳಗೆ ಇಳಿದರೆ ಕೆಡುತ್ತದೆ. ಮಿತಿ ಮುಟ್ಟಿದೊಡನೆ ಮೋಟಾರನ್ನು ಥಟ್ಟನೆ ನಿಲ್ಲಿಸುವಂತೆಯೂ ಮಾಡಬಹುದು, ಮೆಲ್ಲನೆ ಕುಗ್ಗಿಸುವಂತೆಯೂ ಮಾಡಬಹುದು. ಕಲಿಯುವವರಿಗೆ ಎರಡನೆಯದೇ ಹಿತ. ಮತ್ತೊಂದು, ಬ್ರೇಕು. ಮಡಚಿಕೊಳ್ಳುವ ಪ್ರೊಪೆಲ್ಲರುಳ್ಳ ತೇಲುವಿಮಾನಗಳಿಗೆ ಮಾತ್ರ ಇದು ಬೇಕು. ಇವುಗಳಿಗಿಂತ ಮುಖ್ಯವಾದುದು ರಿಸೀವರಿನಲ್ಲಿರುವ ಏರ್ಪಾಡು: ಟ್ರಾನ್ಸ್‌ಮಿಟರಿನೊಡನೆ ಸಂಪರ್ಕವು ತಪ್ಪಿದಾಗ ರಿಸೀವರು ಮೊದಲೇ ಕಲಿಸಿಟ್ಟ ಒಂದು ಆಜ್ಞೆಯನ್ನು ತಾನಾಗಿ ಕೊಡುತ್ತದೆ. ಕಲಿಸುವಾಗ ಕೋಲು ಮೇಲಿದ್ದರೆ, ಸಂಪರ್ಕ ತಪ್ಪಿದ ವಿಮಾನವು ಪೂರ್ಣವೇಗದಲ್ಲಿ ಹೋಗುವುದು. ಪ್ರೊಪೆಲ್ಲರಿಲ್ಲದೆ ಮೋಟಾರನ್ನು ಮೆಲ್ಲನೆ ಓಡಿಸಿ ಟ್ರಾನ್ಸ್‌ಮಿಟರನ್ನು ಆರಿಸಿ ನೋಡಬೇಕು. ಮೋಟಾರು ನಿಲ್ಲದಿದ್ದರೆ ಆ ವಿಮಾನವು ಮೈದಾನಕ್ಕೆ ಹೋಗಕೂಡದು.

ಮೈದಾನದಲ್ಲಿ ಪಾಲಿಸತಕ್ಕ ಕ್ರಮವು ಚಿಕ್ಕದು. ಮೊದಲು ಟ್ರಾನ್ಸ್‌ಮಿಟರು, ಕೋಲು ಕೆಳಗೆ. ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಮೊದಲು ವಿಮಾನದ ಬ್ಯಾಟರಿ, ಆಮೇಲೆ ಟ್ರಾನ್ಸ್‌ಮಿಟರು. ಆಜ್ಞೆ ಕೊಡುವವನಿಲ್ಲದೆ ಬಿಲ್ಲೆಗೆ ಶಕ್ತಿಯಿರಬಾರದೆಂಬುದೇ ಇದರ ತತ್ತ್ವ. ವಿಮಾನವನ್ನು ಹಿಂದಿನಿಂದ ಹಿಡಿದುಕೊಂಡಿರಬೇಕು. ಪ್ರೊಪೆಲ್ಲರಿನ ಮುಂದೆಯೂ ಅದು ಸುತ್ತುವ ಸಮತಲದಲ್ಲಿಯೂ ಯಾರೂ ನಿಲ್ಲಕೂಡದು. ವಿಮಾನವು ಹುಲ್ಲಿಗೆ ಮೂತಿಯಿಟ್ಟು ಬಿದ್ದರೆ ಮೊದಲನೆಯ ಕೆಲಸ ಕೋಲನ್ನು ಕೆಳಗೆಳೆಯುವುದು. ತಡೆಯಲ್ಪಟ್ಟ ಮೋಟಾರು ಹೆಚ್ಚು ಹೆಚ್ಚು ಪ್ರವಾಹವನ್ನು ಸೆಳೆದು ಬಿಲ್ಲೆಯನ್ನು ಸುಡುವುದು. ಎಣ್ಣೆಯ ಎಂಜಿನಿಗೂ ಇದಕ್ಕೂ ಇರುವ ಕ್ರೂರವಾದ ಭೇದವೂ ಇದೇ. ಸಣ್ಣ ಎಂಜಿನು ಅಡ್ಡಿ ತಗುಲಿದರೆ ಬಹುಶಃ ಆರಿಹೋಗುವುದು. ವಿದ್ಯುತ್ತಿನ ಮೋಟಾರು ಅಡ್ಡಿ ತಗುಲಿದಷ್ಟೂ ಬಲವಾಗಿ ನೂಕುವುದು. ಹತ್ತು ಅಂಗುಲದ ಪ್ರೊಪೆಲ್ಲರು ನಿಮಿಷಕ್ಕೆ ೮,೦೦೦ ಸುತ್ತು ತಿರುಗುವಾಗ ಅದರ ತುದಿಯ ವೇಗ ಸೆಕೆಂಡಿಗೆ ೧೦೬ ಮೀಟರು. ಎರಡು ಅಲಗುಗಳು ಒಂದು ಬಿಂದುವನ್ನು ಸೆಕೆಂಡಿಗೆ ೨೬೬ ಸಲ ಹಾಯುತ್ತವೆ. ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟು ವ್ಯವಧಾನವಿರುವುದಿಲ್ಲ.

ಈಗ ನನ್ನ ಮಾತಿಗೆ ಬರುತ್ತೇನೆ. ಬ್ಯಾಟರಿಯನ್ನು ಸೇರಿಸಿದೊಡನೆ ಬಿಲ್ಲೆಯು ಮೋಟಾರಿನ ಸುರುಳಿಗಳನ್ನೇ ನಡುಗಿಸಿ ಒಂದು ಸ್ವರವನ್ನು ಹೊರಡಿಸುತ್ತದೆ. ರಿಸೀವರಿನಿಂದ 'ತಿರುಗಬೇಡ' ಎಂಬ ಸ್ಪಂದನವು ಸರಿಯಾಗಿ ಬರುತ್ತಿದೆಯೆಂದು ಖಚಿತಪಡಿಸಿಕೊಂಡು ಮತ್ತೊಂದು ಸ್ವರವನ್ನು ಕೊಡುತ್ತದೆ. ಅಲ್ಲಿಂದ ಮುಂದೆ ಅದು ಯಾವ ಆಜ್ಞೆಗೂ ತಲೆಬಾಗುವುದು. ಇಂಗ್ಲಿಷಿನಲ್ಲಿ ಈ ಸ್ಥಿತಿಗೆ 'ಆರ್ಮ್ಡ್', ಎಂದರೆ ಆಯುಧಪಾಣಿ, ಎಂದು ಹೆಸರು. ಮಕ್ಕಳ ಆಟಕ್ಕೆ ಯುದ್ಧದ ಮಾತೇಕೆಂದು ನಾನು ಅದನ್ನು ಸೌಮ್ಯಗೊಳಿಸಿ, 'ಎರಡನೆಯ ಸ್ವರವು ಕೇಳಿಸಿದ ಮೇಲೆ ಉಪಕರಣವು ಸಿದ್ಧವಾಯಿತೆಂದು ತಿಳಿಯತಕ್ಕದ್ದು. ಮೋಟಾರು ನಿಂತೇ ಇರುವುದು' ಎಂದು ಬರೆದೆನು. ಅಡುಗೆ ಸಿದ್ಧವಾಯಿತು, ಪಾಠ ಸಿದ್ಧವಾಯಿತು ಎನ್ನುವಾಗ ಸಿದ್ಧವೆಂದರೆ ಮುಗಿಯಿತು, ಇನ್ನು ಭಯವಿಲ್ಲ ಎಂದೇ ನಮ್ಮ ಕಿವಿಗೆ ಅರ್ಥ. ಆ ವಿದ್ಯಾರ್ಥಿಯು ಎರಡನೆಯ ಸ್ವರವನ್ನು ಕೇಳಿ, ಪತ್ರದಲ್ಲಿ ಬರೆದಂತೆ ಎಲ್ಲವೂ ಸರಿಯಾಯಿತೆಂದು ಭಾವಿಸಿ, ಸಡಿಲವಾಗಿದ್ದ ಒಂದು ತಂತಿಯನ್ನು ಒಳಗೆ ಸೇರಿಸಲು ಪ್ರೊಪೆಲ್ಲರಿನ ಮೇಲಿಂದ ಕೈ ಚಾಚಿದನು. ಮೇಜಿನ ಇನ್ನೊಂದು ತುದಿಯಲ್ಲಿ ಅಂಗಾತವಾಗಿದ್ದ ಟ್ರಾನ್ಸ್‌ಮಿಟರಿನ ಕೋಲಿಗೆ ಅವನ ಗೆಳೆಯನ ಪುಸ್ತಕದ ಚೀಲವು ತಗುಲಿತು. ಮುಂದೆ ನಡೆದುದನ್ನು ವರ್ಣಿಸುವುದು ಬೇಡ. ಹುಡುಗನ ಬೆರಳುಗಳು ಉಳಿದುವು. ಒಂದು ಗೆಣ್ಣು ಈಗಲೂ ಪೂರ್ತಿಯಾಗ ಮಡಿಯುವುದಿಲ್ಲ. ಅವನು ನನ್ನನ್ನು ದೂರಲಿಲ್ಲ. 'ಸಿದ್ಧ ಅಂತ ಬರೆದಿತ್ತಲ್ಲ ಸಾರ್' ಎಂದಷ್ಟೆ ಹೇಳಿದನು.

ಬ್ಯಾಟರಿಯಿಲ್ಲದ ವಿಮಾನ, ಬ್ಯಾಟರಿಯಿದ್ದೂ ಎರಡನೆಯ ಸ್ವರವಾಗದ ವಿಮಾನ, ಸ್ವರವಾಗಿ ಆಜ್ಞೆಯನ್ನು ಕಾಯುತ್ತಿರುವ ವಿಮಾನ, ಈ ಮೂರರ ಪ್ರೊಪೆಲ್ಲರುಗಳೂ ಕಣ್ಣಿಗೆ ಒಂದೇ ತೆರನಾಗಿ ನಿಂತಿರುತ್ತವೆ. ಕಣ್ಣು ಹೇಳಲಾರದ ಭೇದವನ್ನು ಮಾತು ಹೇಳಬೇಕಾಗಿತ್ತು. ಸೂಚನಾಪತ್ರವನ್ನು ತಿದ್ದುವಾಗ 'ಸಜ್ಜಾಗಿದೆ' ಎಂದು ಹಾಕೋಣವೆಂದು ಮೊದಲು ಯೋಚಿಸಿದೆನು. ಸಂಸ್ಕೃತದ 'ಸಜ್ಜ' ಶಬ್ದಕ್ಕೆ 'ಸಜ್ಯ' ಎಂಬುದು ಮೂಲವಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಜ್ಯಾ ಎಂದರೆ ಹೆದೆ; ಹೆದೆಯನ್ನು ಬಿಗಿದ ಬಿಲ್ಲು ಸಜ್ಯ. ಅರ್ಥವೇನೋ ಬಹಳ ಸೊಗಸಾಗಿ ಹೊಂದುತ್ತದೆ: ಬಿಲ್ಲು ಅಲುಗದೆ ನಿಂತಿದೆ, ಆದರೆ ಸುಮ್ಮನೆ ಇಲ್ಲ. ಆದರೆ ಮದುವೆಯ ಮನೆಯೂ ಸಜ್ಜಾಗುವ ಈ ಕಾಲದಲ್ಲಿ ಹುಡುಗರ ಕಿವಿಗೆ ಆ ಹೆದೆಯ ಬಿಗಿತವು ಕೇಳಿಸದು. ಆದುದರಿಂದ ಹಳಗನ್ನಡದ ಮೋಹವನ್ನು ಮುಚ್ಚಿಡದೆ, 'ಎರಡನೆಯ ಸ್ವರವಾಯಿತೆಂದರೆ ಹೆದೆಯೇರಿತು. ಬ್ಯಾಟರಿಯನ್ನು ಬಿಡಿಸುವವರೆಗೆ ಪ್ರೊಪೆಲ್ಲರಿನ ಬಳಿಗೆ ಕೈ ಒಯ್ಯಕೂಡದು' ಎಂದು ಬರೆದಿದ್ದೇನೆ. 'ಮೋಟಾರು ನಿಂತೇ ಇರುವುದು' ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಟ್ರಾನ್ಸ್‌ಮಿಟರಿನಲ್ಲಿ ಕೋಲು ಸರಿದರೂ ಆಜ್ಞೆಯು ಹೋಗದಂತೆ ತಡೆಯುವ ಒಂದು ಗುಂಡಿಯನ್ನು ಏರ್ಪಡಿಸಿಕೊಳ್ಳಬಹುದು. ಅದನ್ನು ಹಾಕಿಯೇ ಬ್ಯಾಟರಿಯನ್ನು ಸೇರಿಸಬೇಕೆಂದೂ, ಮೇಜಿನ ಮೇಲಿನ ಕೆಲಸವೆಲ್ಲ ಪ್ರೊಪೆಲ್ಲರನ್ನು ಕಳಚಿ ಆಗಬೇಕೆಂದೂ, ಟ್ರಾನ್ಸ್‌ಮಿಟರನ್ನು ಮೇಜಿನ ಮೇಲಿಡದೆ ಒಬ್ಬನು ಕೊರಳಿಗೆ ಹಾಕಿಕೊಂಡಿರಬೇಕೆಂದೂ ಸೇರಿಸಿದ್ದೇನೆ.

ಹುಡುಗರು ನನ್ನ 'ಹೆದೆ'ಯನ್ನು ಓದುತ್ತಾರೆ, ಬಾಯಲ್ಲಿ ಮಾತ್ರ 'ಆರ್ಮ್ ಆಗಿದೆ' ಎನ್ನುತ್ತಾರೆ. ಬೆರಳಿಗೆ ಪೆಟ್ಟು ಬಿದ್ದವನೊಬ್ಬನು ಮಾತ್ರ ಸ್ವರವಾದೊಡನೆ 'ಹೆದೆ!' ಎಂದು ಕೂಗಿ ಎಲ್ಲರನ್ನೂ ಹಿಂದಕ್ಕೆ ಸರಿಸುತ್ತಾನೆ. ಇದಕ್ಕಿಂತ ಬಳಕೆಗೆ ಹತ್ತಿರವಾದ ಪದವು ಬೇಟೆಗಾರರ ಮಾತಿನಲ್ಲಿಯೋ, ಬೋನು ಹೂಡುವವರ ಮಾತಿನಲ್ಲಿಯೋ ಇದ್ದೀತೆಂದು ನನಗೆ ತೋರುತ್ತದೆ. ಬಲ್ಲವರು ಪತ್ರಿಕೆಯ ಮೂಲಕ ತಿಳಿಸಿದರೆ ಮುಂದಿನ ಪ್ರತಿಗಳಲ್ಲಿ ಸೇರಿಸಿಕೊಳ್ಳುವೆನು.